6ಬಿ ಕೊಟ್ಟರೆ 6ಎ ತಡೆಯುತ್ತದೆ, 19ಎಫ್ ಕೊಟ್ಟರೆ 19ಎ ಯಾಕೆ ತಡೆಯುವುದಿಲ್ಲ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಮಗಳಿಗೆ ಈಗ ನಾಲ್ಕು ತಿಂಗಳು. ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಪಿಸಿವಿ ಎಂಬ ನ್ಯೂಮೋಕಾಕಲ್ ಲಸಿಕೆಯ ಎರಡು ಡೋಸ್ ಆಗಿದೆ. ಕುತೂಹಲಕ್ಕೆ ಅದರ ಬಗ್ಗೆ ಓದಲು ಹೋಗಿ ತಲೆ ಕೆಟ್ಟಿತು. ಹಳೆಯ ಏಳು ತಳಿಗಳ ಲಸಿಕೆಯಲ್ಲಿ 6ಬಿ ಇತ್ತಂತೆ, ಅದು ಲಸಿಕೆಯಲ್ಲಿಲ್ಲದ 6ಎ ತಳಿಯನ್ನೂ ತಕ್ಕಮಟ್ಟಿಗೆ ತಡೆಯಿತಂತೆ. ಅದೇ ಲಸಿಕೆಯಲ್ಲಿ 19ಎಫ್ ಕೂಡ ಇತ್ತು, ಆದರೆ 19ಎ ಕಡಿಮೆಯಾಗುವ ಬದಲು ಹೆಚ್ಚಾಯಿತಂತೆ. ರಚನೆ ಬರೆದು ನೋಡಿದರೆ ಎರಡು ಜೋಡಿಯಲ್ಲೂ ವ್ಯತ್ಯಾಸ ಒಂದೇ ಒಂದು ಬಂಧದ್ದು. ಹಾಗಿದ್ದ ಮೇಲೆ ಈ ಪಂಕ್ತಿಭೇದ ಯಾಕೆ? ಮಗಳ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಬೇಕೆ?

ಉತ್ತರ: ಪಂಕ್ತಿಭೇದ ಎಂದಿರಿ, ಸರಿಯಾದ ಮಾತೇ. ಆದರೆ ಇವನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿದವರು ಯಾರು ಎಂದು ಮೊದಲು ಕೇಳಬೇಕು. ಕೂರಿಸಿದ್ದು ಮೊಲ.

ತಮಾಷೆ ಮಾಡುತ್ತಿಲ್ಲ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾವಾದ ನ್ಯೂಮೋಕಾಕಸ್‌ನಲ್ಲಿ ಇವತ್ತಿಗೆ ನೂರಕ್ಕೂ ಹೆಚ್ಚು ತಳಿಗಳನ್ನು, ಅಂದರೆ ಸೀರೋಟೈಪ್‌ಗಳನ್ನು ಗುರುತಿಸಿದ್ದಾರೆ. ಒಂದೊಂದರ ಮೈಮೇಲೂ ಬೇರೆ ಬೇರೆ ಸಕ್ಕರೆಯ ಹೊದಿಕೆ. ಕ್ಯಾಪ್ಸೂಲ್ ಎನ್ನುವುದು ಇದಕ್ಕೇ. ಔಷಧಿ ಅಂಗಡಿಯ ಕ್ಯಾಪ್ಸೂಲಿಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದವರು ತಳಿಗಳು ಸಿಕ್ಕ ಕ್ರಮದಲ್ಲೇ ನಂಬರ್ ಕೊಡುತ್ತ ಹೋದರು. ಅವರ ಹಳೆಯ ಲೆಕ್ಕದಲ್ಲಿ ನಿಮ್ಮ 6ಬಿ ಎಂದರೆ 26, 19ಎ ಎಂದರೆ 57. ಆ ನಂಬರ್ ನೋಡಿ ಯಾರೂ ನಿಮ್ಮ ಪ್ರಶ್ನೆ ಕೇಳುತ್ತಿರಲಿಲ್ಲ! ಡೆನ್ಮಾರ್ಕಿನವರು ಬೇರೆ ದಾರಿ ಹಿಡಿದರು. ಒಂದು ತಳಿಯನ್ನು ಮೊಲಕ್ಕೆ ಚುಚ್ಚಿ, ಅದರ ಸೀರಮ್ (ಪ್ರತಿಕಾಯಗಳಿರುವ ರಕ್ತದ ತಿಳಿ) ತೆಗೆದು, ಆ ಸೀರಮ್ ಇನ್ಯಾವ ಯಾವ ತಳಿಗಳಿಗೆ ಅಂಟುತ್ತದೆ ಎಂದು ನೋಡಿದರು. ಅಂಟಿದ್ದನ್ನೆಲ್ಲ ಒಂದು ಗುಂಪಿಗೆ ಹಾಕಿ ಪಕ್ಕದಲ್ಲೊಂದು ಅಕ್ಷರ ಹಚ್ಚಿದರು. 19ಎಫ್‌ನ ಎಫ್ ಎಂದರೆ ಆ ಗುಂಪಿನಲ್ಲಿ ಮೊದಲು ಸಿಕ್ಕಿದ್ದು ಎಂದಷ್ಟೇ ಅರ್ಥ. ಕೊನೆಗೆ ಜಗತ್ತೆಲ್ಲ ಒಪ್ಪಿಕೊಂಡಿದ್ದು ಡೆನ್ಮಾರ್ಕಿನ ಪದ್ಧತಿಯನ್ನೇ. ಹೀಗಾಗಿ 6 ಎಂಬ ಗುಂಪು, 19 ಎಂಬ ಗುಂಪು, ಇವೆಲ್ಲ ಮೊಲದ ಪ್ರತಿಕಾಯಗಳು ಹೇಳಿದ ಸಾಕ್ಷಿ. ನಿಮ್ಮ ಮಗಳ ಪ್ರತಿಕಾಯಗಳೂ ಅದೇ ಸಾಕ್ಷಿ ಹೇಳಬೇಕೆಂದೇನಿಲ್ಲ. ಹೇಳಿದರೂ ಅಂಟುವುದು ಬೇರೆ, ಬ್ಯಾಕ್ಟೀರಿಯಾ ಸಾಯುವುದು ಬೇರೆ. ಈ ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ, ನಿಮ್ಮ ಪ್ರಶ್ನೆಯ ತಿರುಳು ಅಲ್ಲೇ ಇದೆ.

ಮೊದಲು ಹೊದಿಕೆಯ ವಿಷಯ. ಹೂವಾಡಗಿತ್ತಿ ದಂಡೆ ಕಟ್ಟುವುದನ್ನು ನೋಡಿದ್ದೀರಲ್ಲ. ಮಲ್ಲಿಗೆ, ಕನಕಾಂಬರ, ಮರುಗ. ಮತ್ತೆ ಮಲ್ಲಿಗೆ, ಕನಕಾಂಬರ, ಮರುಗ. ಕ್ಯಾಪ್ಸೂಲಿನ ಸಕ್ಕರೆ ಸರವೂ ಹಾಗೇ, ಎರಡರಿಂದ ಏಳೆಂಟು ಸಕ್ಕರೆಗಳ ಒಂದು ಕಂತು, ಅದೇ ಕಂತು ನೂರಾರು ಸಲ. ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳನ್ನು ಪೋಣಿಸಲು ಸಾಮಾನ್ಯವಾಗಿ ಒಂದೇ ದಾರಿ, ಒಂದರ ಬಾಲಕ್ಕೆ ಇನ್ನೊಂದರ ತಲೆ. ಸಕ್ಕರೆಗೆ ಹಾಗಿಲ್ಲ. ಒಂದು ಗ್ಲೂಕೋಸಿಗೆ ಮುಂದಿನ ಸಕ್ಕರೆಯನ್ನು 2ನೇ ಇಂಗಾಲದಲ್ಲಿ ಕಟ್ಟಬಹುದು, 3ರಲ್ಲಿ, 4ರಲ್ಲಿ, 6ರಲ್ಲಿ ಕಟ್ಟಬಹುದು. ಅದರಲ್ಲೂ ಆಲ್ಫಾ, ಬೀಟಾ ಎಂದು ಎರಡು ಬಗೆ. ಇದನ್ನು ನಿಮಗೆ ಹೇಳಬೇಕಾಗಿಲ್ಲ. ಹೂವು ಅದೇ ಇದ್ದರೂ ಗಂಟು ಹಾಕಿದ ಜಾಗ ಬದಲಾದರೆ ದಂಡೆ ಬೇರೆ ಕಡೆಗೆ ಬಾಗುತ್ತದೆ ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳಿ.

ಪ್ರತಿಕಾಯವನ್ನು ಹುಟ್ಟಿಸುವ ವಸ್ತು ಸಕ್ಕರೆಯೂ ಆಗಿರಬಹುದು ಎಂಬುದನ್ನೇ ಒಂದು ಕಾಲದಲ್ಲಿ ಯಾರೂ ನಂಬುತ್ತಿರಲಿಲ್ಲ. ಇಷ್ಟು ನಿಖರವಾದ ಗುರುತು ಪ್ರೋಟೀನಿಗೆ ಮಾತ್ರ ಸಾಧ್ಯ ಎಂದುಕೊಂಡಿದ್ದರು. 1923ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿ ಮತ್ತು ಮೈಕೇಲ್ ಹೈಡೆಲ್‌ಬರ್ಗರ್ ಸೇರಿ ನ್ಯೂಮೋಕಾಕಸ್‌ನ ಹೊದಿಕೆಯನ್ನು ಶುದ್ಧೀಕರಿಸುತ್ತ ಹೋದರು. ಶುದ್ಧವಾದಷ್ಟೂ ಅದರಲ್ಲಿ ನೈಟ್ರೋಜನ್ ಇಳಿಯುತ್ತ, ಸಕ್ಕರೆ ಏರುತ್ತ ಹೋಯಿತು. ಸೀರಮ್ ಜೊತೆಗಿನ ಪ್ರತಿಕ್ರಿಯೆ ಮಾತ್ರ ಮೊದಲಿನಷ್ಟೇ ಚುರುಕು. 1929ರಲ್ಲಿ ಗೋಬೆಲ್ ಮತ್ತು ಏವರಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದೇ ಪ್ರೋಟೀನಿಗೆ ಒಮ್ಮೆ ಗ್ಲೂಕೋಸ್, ಇನ್ನೊಮ್ಮೆ ಗ್ಯಾಲಕ್ಟೋಸ್ ಅಂಟಿಸಿ ಮೊಲಗಳಿಗೆ ಕೊಟ್ಟರು. ಎರಡರಲ್ಲೂ ಅದೇ ಪರಮಾಣುಗಳು, ಅಷ್ಟೇ ಸಂಖ್ಯೆ. 4ನೇ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಒಂದು ಮಾತ್ರ ಮುಖ ತಿರುಗಿಸಿಕೊಂಡಿರುತ್ತದೆ. ‘ಪ’ ಅಕ್ಷರದ ಹೊಟ್ಟೆಯಲ್ಲಿ ಒಂದು ಗೆರೆ ಎಳೆದರೆ ‘ಷ’ ಆಗುವಷ್ಟು ವ್ಯತ್ಯಾಸವೂ ಇಲ್ಲ. ಆದರೂ ಮೊಲದ ಪ್ರತಿಕಾಯಗಳು ಎರಡನ್ನೂ ಬೇರೆ ಬೇರೆಯಾಗಿ ಓದಿದವು.

ಹಾಗಾದರೆ ಇಷ್ಟು ಸೂಕ್ಷ್ಮವಾಗಿ ನೋಡುವ ಪ್ರತಿಕಾಯ ಒಮ್ಮೊಮ್ಮೆ ಬೇರೆಯದಕ್ಕೂ ಯಾಕೆ ಅಂಟುತ್ತದೆ? ಅದಕ್ಕೆ ಸಿಗುವುದು ಒಂದೇ ಗೇಣು ಸರ ಎಂಬುದೇ ಕಾರಣ. ಹೈಡೆಲ್‌ಬರ್ಗರ್ ಅವರ ಶಿಷ್ಯ ಎಲ್ವಿನ್ ಕಬಾಟ್ 1950ರ ದಶಕದಲ್ಲಿ ಈ ಗೇಣನ್ನು ಅಳೆದರು. ಡೆಕ್ಸ್ಟ್ರಾನ್ ಎಂಬ ಗ್ಲೂಕೋಸ್ ಸರದ ವಿರುದ್ಧ ಹುಟ್ಟಿದ ಪ್ರತಿಕಾಯಕ್ಕೆ ಎರಡು, ಮೂರು, ನಾಲ್ಕು ಗ್ಲೂಕೋಸ್‌ಗಳ ತುಂಡುಗಳನ್ನು ಕೊಡುತ್ತ ಬಂದರು. ತುಂಡು ಉದ್ದವಾದಷ್ಟೂ ಅದು ಪ್ರತಿಕಾಯದ ಹಿಡಿತದಲ್ಲಿ ಚೆನ್ನಾಗಿ ಕೂತಿತು. ಆರರ ಸುಮಾರಿಗೆ ನಿಂತಿತು. ಅದಕ್ಕಿಂತ ಉದ್ದದ ತುಂಡು ಕೊಟ್ಟರೆ ಹೆಚ್ಚಿನ ಲಾಭವಿಲ್ಲ. ಅಂದರೆ ನೂರಾರು ಸಕ್ಕರೆಗಳ ದಂಡೆಯಲ್ಲಿ ಪ್ರತಿಕಾಯ ನೋಡುವುದು ಹೆಚ್ಚೆಂದರೆ ಆರೇಳು ಸಕ್ಕರೆಗಳನ್ನು. ಆ ಗೇಣಿನಷ್ಟು ಜಾಗ ಒಂದೇ ಥರ ಕಂಡರೆ ಸಾಕು, ಉಳಿದ ದಂಡೆ ಯಾವ ತೋಟದ್ದಾದರೂ ಅದು ಅಂಟುತ್ತದೆ.

ಯಾವ ತೋಟದ್ದಾದರೂ ಎಂದೆನಲ್ಲ, ಅದು ಅಕ್ಷರಶಃ ನಿಜ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಕಥೆ ಹುಣಸೆ ಬೀಜದ್ದು. ನಮ್ಮ ಚಳ್ಳಕೆರೆ ಕಡೆ ಕಂಬಳಿ ನೇಯುವವರು ಹಾಸಿನ ಎಳೆಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದರೆ ಬೆರಳಿಗೆ ಜಿಗಿಜಿಗಿ ಅಂಟುವ ಗಂಜಿಯಾಗುತ್ತದೆ. ಒಣಗಿದ ಮೇಲೆ ಎಳೆ ಕಡ್ಡಿಯಂತೆ ನಿಲ್ಲುತ್ತದೆ. ಆ ಅಂಟಿನಲ್ಲಿರುವುದು ಗ್ಲೂಕೋಸಿನ ಒಂದು ಉದ್ದ ಸರ, ಅದರಿಂದ ಹೊರಟ ಕವಲುಗಳು, ಎಷ್ಟೋ ಕವಲುಗಳ ತುದಿಯಲ್ಲಿ ಬೀಟಾ ಬಂಧದ ಗ್ಯಾಲಕ್ಟೋಸ್. ಹೈಡೆಲ್‌ಬರ್ಗರ್ ಇದನ್ನು 14ನೇ ತಳಿಯ ನ್ಯೂಮೋಕಾಕಸ್ ಸೀರಮ್‌ಗೆ ಬೆರೆಸಿದಾಗ ಬಿಳಿಯ ಗಸಿ ಕೂತಿತು. 14ರ ಹೊದಿಕೆಯಲ್ಲೂ ಕವಲಿನ ತುದಿಗೆ ಬೀಟಾ ಗ್ಯಾಲಕ್ಟೋಸ್ ಇದೆ, ಪ್ರತಿಕಾಯ ಹಿಡಿದದ್ದು ಅದನ್ನೇ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಕ್ಕೂ ಹುಣಸೆ ಬೀಜಕ್ಕೂ ಎಲ್ಲಿಯ ನೆಂಟಸ್ತಿಕೆ! ಅಂಟಿನುಂಡೆಗೆ ಹಾಕುವ ಅಂಟಿನ ಜಾತಿಯದೇ ಆದ ಗಮ್ ಅರೇಬಿಕ್ ಕೂಡ ಹೀಗೇ 3ನೇ ತಳಿಯ ಸೀರಮ್ ಜೊತೆ ಗಸಿ ಕಟ್ಟಿತು. ಅಲ್ಲಿ ಕೈ ಕುಲುಕಿದ್ದು ಗ್ಲೂಕುರೋನಿಕ್ ಆಮ್ಲ. ಈ ಮನುಷ್ಯ ಇದನ್ನೇ ಒಂದು ಸಾಧನ ಮಾಡಿಕೊಂಡರು. ಯಾವುದಾದರೂ ಗಿಡದ ಅಂಟಿನ ರಚನೆ ಗೊತ್ತಿಲ್ಲವೆಂದರೆ ಕಪಾಟಿನಲ್ಲಿದ್ದ ಸೀರಮ್‌ಗಳ ಜೊತೆ ಒಂದೊಂದಾಗಿ ಬೆರೆಸಿ, ಯಾವುದಕ್ಕೆ ಗಸಿ ಕಟ್ಟಿತು ಎಂಬುದರಿಂದ ತುದಿಯಲ್ಲಿ ಯಾವ ಸಕ್ಕರೆ ಇದೆ ಎಂದು ಊಹಿಸುತ್ತಿದ್ದರು. 103 ವರ್ಷ ಬದುಕಿ 1991ರಲ್ಲಿ ತೀರಿಕೊಂಡರು.

ಹುಣಸೆಯ ಕಥೆ ಚೆಂದ, ಆದರೆ ಅದೇ 14ರ ಇನ್ನೊಂದು ಕಥೆ ಭಯ ಹುಟ್ಟಿಸುವಂಥದ್ದು. ಪೆನಿಸಿಲಿನ್ ಬರುವ ಮೊದಲು ನ್ಯುಮೋನಿಯಾಗೆ ಕುದುರೆಯ ಸೀರಮ್ ಕೊಡುತ್ತಿದ್ದ ಕಾಲವದು. 14ರ ವಿರುದ್ಧ ತಯಾರಿಸಿದ ಕುದುರೆ ಸೀರಮ್ ಮನುಷ್ಯರ ಕೆಂಪು ರಕ್ತಕಣಗಳನ್ನೇ ಹೆಪ್ಪುಗೂಡಿಸುತ್ತದೆ, ಅದೂ ಯಾವುದೇ ರಕ್ತದ ಗುಂಪಿನವರಾದರೂ ಸರಿ, ಎಂದು 1930ರ ದಶಕದ ಕೊನೆಗೆ ಗೊತ್ತಾಯಿತು. ನಮ್ಮ ರಕ್ತದ ಗುಂಪಿನ ಸಕ್ಕರೆಗಳ ಬುಡದಲ್ಲಿರುವ ಗ್ಯಾಲಕ್ಟೋಸ್ ಮತ್ತು ಅಸಿಟೈಲ್ ಗ್ಲೂಕೋಸಮೈನ್ ಜೋಡಿ 14ರ ಹೊದಿಕೆಯಲ್ಲೂ ಅದೇ ಬಂಧದಲ್ಲಿ ಇದೆ. ಕುದುರೆಗೆ ಅದು ಪರಕೀಯ, ನಮಗೆ ಅದು ಮೈಯ ಭಾಗ. ಒಂದರ ಪ್ರತಿಕಾಯ ಇನ್ನೊಂದಕ್ಕೆ ಅಂಟುವ ಈ ಅಡ್ಡ ಪ್ರತಿಕ್ರಿಯೆ ಎಂದಾಗ ಒಳ್ಳೆಯದನ್ನಷ್ಟೇ ನೆನೆಯಬಾರದು ಎಂದು ಇದನ್ನು ಹೇಳಿದೆ.

ಈಗ ನಿಮ್ಮ 6ರ ಮನೆಗೆ ಬರೋಣ. ಇದರ ಕಂತಿನಲ್ಲಿ ನಾಲ್ಕು ತುಂಡು: ಗ್ಯಾಲಕ್ಟೋಸ್, ಗ್ಲೂಕೋಸ್, ರ‍್ಯಾಮ್ನೋಸ್, ಕೊನೆಗೆ ರಿಬಿಟಾಲ್, ಕಂತಿಗೂ ಕಂತಿಗೂ ನಡುವೆ ಫಾಸ್ಫೇಟ್. 6ಎಯಲ್ಲಿ ರ‍್ಯಾಮ್ನೋಸನ್ನು ರಿಬಿಟಾಲಿನ 3ನೇ ಇಂಗಾಲಕ್ಕೆ ಕಟ್ಟಿದೆ, 6ಬಿಯಲ್ಲಿ 4ಕ್ಕೆ. ನೀವು ಬರೆದು ನೋಡಿದ ಆ ಒಂದೇ ಬಂಧ ಇದು. ರಿಬಿಟಾಲ್ ಉಳಿದವುಗಳಂತೆ ಉಂಗುರವಲ್ಲ, ಬಿಚ್ಚಿದ ಸರಪಳಿ, ಬಳುಕುವ ಪ್ರಾಣಿ. ಗಂಟು ಒಂದು ಇಂಗಾಲದಷ್ಟು ಸರಿದರೂ ಗ್ಯಾಲಕ್ಟೋಸ್, ಗ್ಲೂಕೋಸ್, ರ‍್ಯಾಮ್ನೋಸ್ ಎಂಬ ಮೂರು ಉಂಗುರಗಳ ಬಿಗಿಯಾದ ಭಾಗ ಹಾಗೇ ಉಳಿಯುತ್ತದೆ. 6ಬಿ ಕೊಟ್ಟಾಗ ಹುಟ್ಟುವ ಪ್ರತಿಕಾಯಗಳಲ್ಲಿ ಆ ಮೂರರ ಕಡೆ ಕಣ್ಣಿಟ್ಟವು ಸಾಕಷ್ಟಿರುತ್ತವೆ, ಅವು 6ಎಗೂ ಹಿಡಿತ ಬಿಡುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸುಲಭವಿತ್ತು. 2007ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿ ಮೂನ್ ನಾಮ್ ಅವರ ತಂಡ 6ಸಿ ಎಂಬ ಹೊಸ ತಳಿಯನ್ನು ಪ್ರಕಟಿಸಿತು. ಹೊಸದು ಎನ್ನುವುದಕ್ಕಿಂತ ಕಣ್ಣೆದುರೇ ಇದ್ದು ಕಾಣದೆ ಇದ್ದದ್ದು ಎನ್ನಬೇಕು. ಬ್ರೆಜಿಲ್‌ನಿಂದ ಬಂದ ‘6ಎ’ ತಳಿಗಳನ್ನು ಎರಡು ಮಾನೋಕ್ಲೋನಲ್ ಪ್ರತಿಕಾಯಗಳಿಂದ ನೋಡುತ್ತಿದ್ದಾಗ ಕೆಲವು ಎರಡಕ್ಕೂ ಅಂಟಿದವು, ಕೆಲವು ಒಂದಕ್ಕೆ ಮಾತ್ರ. ಮೊಲದ ಸೀರಮ್‌ಗೆ ಇವೆರಡೂ 6ಎಯೇ ಆಗಿದ್ದವು. ಸೀರಮ್ ಎಂದರೆ ನೂರಾರು ಬಗೆಯ ಪ್ರತಿಕಾಯಗಳ ಸಂತೆ. ಅಲ್ಲಿ ಯಾರೋ ಒಬ್ಬರು ಹೌದು ಎಂದರೆ ಎಲ್ಲರೂ ಹೌದು ಎಂದಂತೆ ಕೇಳಿಸುತ್ತದೆ. ಮಾನೋಕ್ಲೋನಲ್ ಎಂದರೆ ಒಂಟಿ ಸಾಕ್ಷಿ. ರಚನೆ ಬಿಡಿಸಿ ನೋಡಿದಾಗ ಗ್ಯಾಲಕ್ಟೋಸ್ ಇರಬೇಕಾದಲ್ಲಿ ಗ್ಲೂಕೋಸ್ ಕೂತಿತ್ತು. 1929ರಲ್ಲಿ ಗೋಬೆಲ್ ಮತ್ತು ಏವರಿ ನೋಡಿದ್ದ ಅದೇ ಹೈಡ್ರಾಕ್ಸಿಲ್!

6ಬಿ ಲಸಿಕೆ 6ಸಿಯನ್ನು ಹೆಚ್ಚೇನೂ ತಡೆಯಲಿಲ್ಲ, ಆದರೆ ಮುಂದೆ 6ಎ ಸೇರಿಸಿದ ಲಸಿಕೆ ತಡೆಯಿತು. ಕಾಗದದ ಮೇಲೆ ಲೆಕ್ಕ ಹಾಕಿ. 6ಬಿಗೂ 6ಎಗೂ ವ್ಯತ್ಯಾಸ ಒಂದು, ಗಂಟಿನದು. 6ಎಗೂ 6ಸಿಗೂ ವ್ಯತ್ಯಾಸ ಒಂದು, ಸಕ್ಕರೆಯದು. 6ಬಿಗೂ 6ಸಿಗೂ ವ್ಯತ್ಯಾಸ ಎರಡು. ಈ ಮನೆಯಲ್ಲಿ ಪ್ರತಿಕಾಯ ಒಂದು ಮೆಟ್ಟಿಲು ಇಳಿಯುತ್ತದೆ, ಎರಡು ಇಳಿಯುವುದಿಲ್ಲ. ಇದನ್ನೇ ನಿಯಮ ಮಾಡಿಕೊಂಡು 19ರ ಮನೆಗೆ ಹೋದರೆ ಮಾತ್ರ ಮುಗ್ಗರಿಸುತ್ತೀರಿ. ನೀವು ಮುಗ್ಗರಿಸಿದ್ದೂ ಅಲ್ಲೇ.

19ರ ಕಂತು ಚಿಕ್ಕದು: ಅಸಿಟೈಲ್ ಮ್ಯಾನೋಸಮೈನ್, ಗ್ಲೂಕೋಸ್, ರ‍್ಯಾಮ್ನೋಸ್, ಜೊತೆಗೆ ಫಾಸ್ಫೇಟ್. ಗ್ಲೂಕೋಸಿನ ಗಂಟು 19ಎಫ್‌ನಲ್ಲಿ ರ‍್ಯಾಮ್ನೋಸಿನ 2ನೇ ಇಂಗಾಲಕ್ಕೆ, 19ಎಯಲ್ಲಿ 3ನೆಯದಕ್ಕೆ. ಇಲ್ಲಿ ಬಳುಕುವ ರಿಬಿಟಾಲ್ ಇಲ್ಲ. ಗಂಟು ಬದಲಾಗಿದ್ದು ಎರಡು ಗಟ್ಟಿ ಉಂಗುರಗಳ ನಡುವೆ, ಹಾಗಾಗಿ ಇಡೀ ದಂಡೆಯ ತಿರುವೇ ಬದಲಾಗುತ್ತದೆ. ಕಂತು ಚಿಕ್ಕದಾದ್ದರಿಂದ ಪ್ರತಿಕಾಯದ ಒಂದು ಗೇಣಿನಲ್ಲಿ ಈ ಬದಲಾದ ತಿರುವು ಒಮ್ಮೆಯಲ್ಲ, ಎರಡು ಸಲ ಬರಬಹುದು. ತಪ್ಪಿಸಿಕೊಂಡು ಹೋಗಲು ಜಾಗವೇ ಇಲ್ಲ. ಬದಲಾದ ಬಂಧ ಎಷ್ಟು ಎಂದು ಎಣಿಸುವುದಕ್ಕಿಂತ ಅದು ಗೇಣಿನ ಯಾವ ಜಾಗದಲ್ಲಿ ಬಿತ್ತು, ಸರವನ್ನು ಎಷ್ಟು ತಿರುಚಿತು ಎಂದು ನೋಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ಆದರೆ ಪೂರ್ತಿ ಅಂಟುವುದೇ ಇಲ್ಲ ಎಂದೂ ಅಲ್ಲ, ಗೊಂದಲ ಹುಟ್ಟಿದ್ದೇ ಅಲ್ಲಿ. ಏಳು ತಳಿಗಳ ಲಸಿಕೆ ಪಡೆದ ಮಕ್ಕಳ ರಕ್ತವನ್ನು ಎಲೈಸಾ ಎಂಬ ಪರೀಕ್ಷೆ ಮಾಡಿ ನೋಡಿದರೆ 19ಎಗೆ ಅಂಟುವ ಪ್ರತಿಕಾಯ ಕಾಣುತ್ತಿತ್ತು. ಕಂಡವರು ಸಮಾಧಾನಪಟ್ಟರು. ಅಮೆರಿಕದಲ್ಲಿ ಆ ಲಸಿಕೆ ಬಂದದ್ದು 2000ದಲ್ಲಿ. ಕೆಲವೇ ವರ್ಷಗಳಲ್ಲಿ ಅಲ್ಲಿನ ಮಕ್ಕಳಲ್ಲಿ ರಕ್ತಕ್ಕೆ, ಮಿದುಳ ಪೊರೆಗೆ ಇಳಿಯುವ ನ್ಯೂಮೋಕಾಕಸ್‌ಗಳಲ್ಲಿ 19ಎ ಎಲ್ಲಕ್ಕಿಂತ ಮುಂದೆ ನಿಂತಿತು. ಹಾಗಾದರೆ ಎಲೈಸಾದಲ್ಲಿ ಕಂಡ ಪ್ರತಿಕಾಯ ಏನು ಮಾಡುತ್ತಿತ್ತು? ಎಲೈಸಾ ಕೇಳುವುದು ಒಂದೇ ಪ್ರಶ್ನೆ: ಪ್ಲಾಸ್ಟಿಕ್ ತಟ್ಟೆಗೆ ಬಳಿದ ಸಕ್ಕರೆಗೆ ಅಂಟುತ್ತೀಯಾ? ಸಡಿಲವಾಗಿ ಅಂಟಿದ್ದೂ ಅಲ್ಲಿ ಹೌದು ಎನ್ನುತ್ತದೆ. ಮೈಯೊಳಗೆ ಪ್ರತಿಕಾಯ ಅಂಟಿದ ಮೇಲೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಬಂದು ಕೂರಬೇಕು, ಬಿಳಿ ರಕ್ತಕಣ ಗುರುತಿಸಿ ನುಂಗಬೇಕು. ಅಷ್ಟು ಹೊತ್ತು ಹಿಡಿತ ಗಟ್ಟಿಯಾಗಿರಬೇಕು. ಇದನ್ನು ನೋಡುವ ಪರೀಕ್ಷೆಯೇ ಬೇರೆ. ಬದುಕಿರುವ ಬ್ಯಾಕ್ಟೀರಿಯಾ, ಮಗುವಿನ ಸೀರಮ್, ಮೊಲದ ಮರಿಯ ಕಾಂಪ್ಲಿಮೆಂಟ್, ನುಂಗುವ ಜೀವಕೋಶಗಳು, ನಾಲ್ಕನ್ನೂ ಬೆರೆಸಿ, ತಟ್ಟೆಗೆ ಹಾಕಿ, ಮರುದಿನ ಎಷ್ಟು ಕಾಲೊನಿ ಉಳಿದವು ಎಂದು ಎಣಿಸುತ್ತಾರೆ. ಹೀಗೆ ನೋಡಿದಾಗ ಲಸಿಕೆ ಪಡೆದ ಮಕ್ಕಳ ಸೀರಮ್ 6ಎಯನ್ನು ಕೊಂದಿತು, 19ಎಯನ್ನು ಬಹುಪಾಲು ಹಾಗೇ ಬಿಟ್ಟಿತು. ನಿಮ್ಮ ಪಂಕ್ತಿಭೇದ ಇರುವುದು ಈ ತಟ್ಟೆಯ ಮೇಲೆ. 2010ರಲ್ಲಿ ಬಂದ ಹದಿಮೂರರ ಲಸಿಕೆಗೆ 19ಎಯನ್ನು ನೇರವಾಗಿ ಸೇರಿಸಿದ ಮೇಲೆಯೇ ಅದು ಹತೋಟಿಗೆ ಬಂದದ್ದು.

ರಸಾಯನಶಾಸ್ತ್ರದವರಾದ್ದರಿಂದ ಇನ್ನೊಂದು ಎಳೆ ನಿಮಗೆ ಹಿಡಿಸಬಹುದು. ಎರಡು ವರ್ಷದೊಳಗಿನ ಮಕ್ಕಳ ದೇಹ ಬರಿ ಸಕ್ಕರೆಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಅದಕ್ಕೇ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಕಟ್ಟಿ ಕೊಡಬೇಕು. ಏಳರ ಲಸಿಕೆಯಲ್ಲಿ ಸಕ್ಕರೆಯನ್ನು ಪೆರಿಯೊಡೇಟ್‌ನಿಂದ ಉತ್ಕರ್ಷಿಸಿ, ಅಲ್ಲಲ್ಲಿ ಉಂಗುರ ಒಡೆದು, ಆಮೇಲೆ ಪ್ರೋಟೀನಿಗೆ ಸೇರಿಸುತ್ತಿದ್ದರು. ಬೇರೆ ಕಂಪನಿಯ ಹತ್ತರ ಲಸಿಕೆಯಲ್ಲಿ 19ಎಫ್ ಸಕ್ಕರೆಯನ್ನು ಉಂಗುರ ಒಡೆಯದೆ, ಸಯನೈಲೇಷನ್ ಎಂಬ ದಾರಿಯಲ್ಲಿ ಕಟ್ಟಿದರು. ಆ ಲಸಿಕೆಯಲ್ಲೂ 19ಎ ಇರಲಿಲ್ಲ, ಆದರೂ 19ಎಯನ್ನು ಕೊಲ್ಲುವ ಪ್ರತಿಕಾಯ ಮೊದಲಿಗಿಂತ ಹೆಚ್ಚು ಹುಟ್ಟಿತು. ಬ್ರೆಜಿಲ್ ಮತ್ತು ಕೆನಡಾದ ಕ್ವಿಬೆಕ್‌ನ ಅಧ್ಯಯನಗಳಲ್ಲಿ ರಕ್ಷಣೆಯೂ ಕಂಡಿತು. ಅಂದರೆ ಬ್ಯಾಕ್ಟೀರಿಯಾದ ಮೇಲೆ ಸಕ್ಕರೆ ಹೇಗಿದೆ ಎಂಬುದಷ್ಟೇ ಅಲ್ಲ, ಕಾರ್ಖಾನೆಯಲ್ಲಿ ಅದನ್ನು ಹೇಗೆ ಕಟ್ಟಿದರು ಎಂಬುದೂ ಅಡ್ಡ ಪ್ರತಿಕ್ರಿಯೆಯನ್ನು ನಿರ್ಧರಿಸುತ್ತದೆ. ಹಾಗೆಂದು ಅದನ್ನೇ ನೆಚ್ಚಿಕೊಳ್ಳಬಹುದೇ? ಬೆಲ್ಜಿಯಂ ನೆಚ್ಚಿತು. 2015–16ರಲ್ಲಿ ಹದಿಮೂರರ ಲಸಿಕೆ ಬಿಟ್ಟು ಹತ್ತರದಕ್ಕೆ ಹೋಯಿತು, 19ಎ ಮತ್ತೆ ತಲೆ ಎತ್ತಿತು, 2019ರಲ್ಲಿ ಹಳೆಯದಕ್ಕೇ ಮರಳಿತು. ಎರವಲು ರಕ್ಷಣೆ ಒಂದು ಮಗುವಿಗೆ ಒದಗಬಹುದು. ಇಡೀ ದೇಶದ ಮಕ್ಕಳ ಗಂಟಲಿನಲ್ಲಿ ಓಡಾಡುವ ತಳಿಯನ್ನು ಅಡಗಿಸಲು ಅದು ಸಾಲದು.

ಪ್ರಯೋಗಾಲಯದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. 1902ರಲ್ಲಿ ಜರ್ಮನಿಯ ಫ್ರೆಡ್ ನಾಯ್‌ಫೆಲ್ಡ್ ಕಂಡುಕೊಂಡ ವಿಧಾನವನ್ನು ಈಗಲೂ ಬಳಸುತ್ತೇವೆ. ಗಾಜಿನ ಮೇಲೆ ಬ್ಯಾಕ್ಟೀರಿಯಾದ ಒಂದು ಹನಿ, ಸೀರಮ್‌ನ ಒಂದು ಹನಿ, ಮೇಲೊಂದು ಕವರ್‌ಸ್ಲಿಪ್, ಸಾವಿರ ಪಟ್ಟು ಹಿಗ್ಗಿಸುವ ಎಣ್ಣೆಯ ಲೆನ್ಸ್. ಸೀರಮ್ ಹೊಂದಿದರೆ ಮಂಕಾಗಿದ್ದ ಹೊದಿಕೆ ಉಬ್ಬಿದಂತೆ ಕಾಣುತ್ತದೆ, ಅಂಚು ಪೆನ್ಸಿಲಿನಿಂದ ಗೆರೆ ಎಳೆದ ಹಾಗೆ ಸ್ಪಷ್ಟವಾಗುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ತಳಿಗೆ 19ಎಫ್ ಎಂದು ಬರೆದುಬಿಟ್ಟೆ. ಗುಂಪಿನ ಸೀರಮ್ ಹಾಕಿದಾಗ ಉಬ್ಬಿತ್ತು, ನನಗೆ ಅಷ್ಟೇ ಸಾಕಾಗಿತ್ತು. ಪಕ್ಕದಲ್ಲಿದ್ದ ಹಿರಿಯ ಟೆಕ್ನಿಷಿಯನ್ ಒಮ್ಮೆ ಇಣುಕಿ, “ಮೇಡಂ, ಇದು ಮನೆತನ ಹೇಳ್ತು ಅಷ್ಟೇ, ಹೆಸರು ಇನ್ನೂ ಕೇಳಿಲ್ಲ” ಎಂದು ಫ್ಯಾಕ್ಟರ್ ಸೀರಮ್‌ನ ಪುಟ್ಟ ಬಾಟಲಿ ಕೈಗಿಟ್ಟರು. ಅದನ್ನು ತಯಾರಿಸುವ ಬಗೆಯೇ ಅಡ್ಡ ಪ್ರತಿಕ್ರಿಯೆಯ ಪಾಠ. 19ಎ ಕೊಟ್ಟ ಮೊಲದ ಸೀರಮ್‌ಗೆ 19ಎಫ್ ಬ್ಯಾಕ್ಟೀರಿಯಾವನ್ನು ಸುರಿಯುತ್ತಾರೆ. ಇಬ್ಬರಿಗೂ ಅಂಟುವ ಪ್ರತಿಕಾಯಗಳೆಲ್ಲ ಅದ‌ಕ್ಕೆ ಅಂಟಿಕೊಂಡು ತಳಕ್ಕೆ ಹೋಗುತ್ತವೆ. ಮೇಲೆ ಉಳಿದ ತಿಳಿಯಲ್ಲಿರುವುದು ಆ ಒಂದು ಗಂಟನ್ನು ಮಾತ್ರ ಬಲ್ಲ ಪ್ರತಿಕಾಯ. ಅದನ್ನು ಹಾಕಿದಾಗ ನನ್ನ ‘19ಎಫ್’ ಉಬ್ಬಿತು. ಅದು 19ಎ ಆಗಿತ್ತು.

ಹೊದಿಕೆಯ ತುದಿಗೆ ಬರಿ ಒಂದು ಸಕ್ಕರೆ ಸೇರಿದರೂ ಏನಾಗಬಹುದು ಎನ್ನುವುದಕ್ಕೆ ಮತ್ತೆ 14ಕ್ಕೇ ಹೋಗಬೇಕು. ನವಜಾತ ಶಿಶುಗಳಿಗೆ ಸೋಂಕು ತರುವ ಬಿ ಗುಂಪಿನ ಸ್ಟ್ರೆಪ್ಟೋಕಾಕಸ್‌ನಲ್ಲಿ 3ನೇ ಬಗೆ ಎಂದಿದೆ. ಅದರ ಹೊದಿಕೆ ಎಂದರೆ ಇದ್ದದ್ದು ಇದ್ದ ಹಾಗೆ ನ್ಯೂಮೋಕಾಕಸ್ 14ರದೇ, ಕವಲಿನ ತುದಿಯಲ್ಲಿ ಒಂದು ಸಯಾಲಿಕ್ ಆಮ್ಲ ಹೆಚ್ಚಿಗೆ, ಅಷ್ಟೇ. 14ರ ಲಸಿಕೆಯನ್ನೇ ಇದಕ್ಕೂ ಬಳಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ. 14ರ ಪ್ರತಿಕಾಯಗಳು ಸಯಾಲಿಕ್ ಆಮ್ಲ ಕತ್ತರಿಸಿದ ಹೊದಿಕೆಗೆ ಅಂಟುತ್ತವೆ, ಅದು ಇದ್ದಾಗ ಅಂಟುವುದಿಲ್ಲ. ಸ್ಟ್ರೆಪ್ಟೋಕಾಕಸ್‌ನಿಂದ ಕಾಪಾಡುವ ಪ್ರತಿಕಾಯಗಳೋ ಸಯಾಲಿಕ್ ಆಮ್ಲ ಇದ್ದಾಗ ಸರ ತಾಳುವ ಆಕಾರವನ್ನೇ ಹುಡುಕುತ್ತವೆ. ಬೆನ್ನೆಲುಬು ಅಕ್ಷರಕ್ಕೆ ಅಕ್ಷರ ಒಂದೇ, ಆದರೂ ಒಬ್ಬರ ಕಾವಲು ಇನ್ನೊಬ್ಬರಿಗೆ ಆಗದು.

ಸಯಾಲಿಕ್ ಆಮ್ಲದ ಹೆಸರು ಬಂತೆಂದರೆ ಮಿದುಳ ಪೊರೆಗೆ ಸೋಂಕು ತರುವ ಮೆನಿಂಜೋಕಾಕಸ್ ನೆನಪಾಗದೆ ಇರದು. ಅದರ ಬಿ ಗುಂಪಿನ ಹೊದಿಕೆ ಬರಿ ಸಯಾಲಿಕ್ ಆಮ್ಲದ ಸರ, 8ನೇ ಇಂಗಾಲದಲ್ಲಿ ಗಂಟು. ಸಿ ಗುಂಪಿನದೂ ಅದೇ ಆಮ್ಲ, 9ನೇ ಇಂಗಾಲದಲ್ಲಿ ಗಂಟು. ಸಿಗೆ ಒಳ್ಳೆಯ ಸಕ್ಕರೆ ಲಸಿಕೆ ಇದೆ, ಬ್ರಿಟನ್ 1999ರಿಂದ ಮಕ್ಕಳಿಗೆ ಕೊಟ್ಟು ರೋಗವನ್ನು ಅಡಗಿಸಿತು. ಬಿಗೆ ಸಕ್ಕರೆ ಲಸಿಕೆ ಮಾಡುವ ಧೈರ್ಯ ಬರಲಿಲ್ಲ. 8ರ ಗಂಟಿನ ಅದೇ ಸರ ಬೆಳೆಯುತ್ತಿರುವ ಮಗುವಿನ ಮಿದುಳಿನ ಜೀವಕೋಶಗಳ ಮೇಲೆ ಇದೆ. ದೇಹ ಅದನ್ನು ತನ್ನದೆಂದೇ ತಿಳಿದು ಪ್ರತಿಕಾಯ ಹುಟ್ಟಿಸುವುದಿಲ್ಲ. ಬಲವಂತವಾಗಿ ಹುಟ್ಟಿಸಿದರೆ ಅದು ಎಲ್ಲಿ ಹೋಗಿ ಅಂಟೀತೋ ಎಂಬ ಹೆದರಿಕೆ. ಕೊನೆಗೆ ಸಕ್ಕರೆಯ ಗೊಡವೆಯೇ ಬೇಡವೆಂದು ಪ್ರೋಟೀನಿನ ಲಸಿಕೆ ಮಾಡಿದರು, ಯುರೋಪಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2013ರಲ್ಲಿ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಕೊಡದಿದ್ದರೆ ಅಡ್ಡ ಪ್ರತಿಕ್ರಿಯೆಗೆ ಅನ್ಯಾಯ ಮಾಡಿದಂತೆ. ನಿಮ್ಮ ಮಗಳಿಗೆ ಕೊಟ್ಟ ಪೆಂಟಾವೇಲೆಂಟ್ ಲಸಿಕೆಯಲ್ಲಿ ಹಿಬ್ ಎಂಬ ಬ್ಯಾಕ್ಟೀರಿಯಾದ ಸಕ್ಕರೆಯೂ ಇದೆ. ಲಸಿಕೆ ಇಲ್ಲದ ಕಾಲದಲ್ಲೂ ದೊಡ್ಡವರ ರಕ್ತದಲ್ಲಿ ಹಿಬ್ ವಿರುದ್ಧ ಪ್ರತಿಕಾಯ ಇರುತ್ತಿತ್ತು, ಅವರಲ್ಲಿ ಬಹುತೇಕರಿಗೆ ಹಿಬ್ ರೋಗ ಬಂದೇ ಇರಲಿಲ್ಲ. ಎಲ್ಲಿಂದ ಬಂತು? ವಿಜ್ಞಾನಿಗಳಾದ ಜಾನ್ ರಾಬಿನ್ಸ್ ಮತ್ತು ರೇಚೆಲ್ ಷ್ನೀರ್ಸನ್ ಅವರಿಗೆ ಕರುಳಿನ ಮೇಲೆ ಅನುಮಾನ ಬಂತು. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ ಈ. ಕೋಲಿಯ ಕೆ100 ಎಂಬ ಬಗೆಯ ಹೊದಿಕೆಯಲ್ಲೂ ಹಿಬ್‌ನಂತೆಯೇ ರೈಬೋಸ್, ರಿಬಿಟಾಲ್, ಫಾಸ್ಫೇಟ್. ವ್ಯತ್ಯಾಸ ರಿಬಿಟಾಲಿನ ಯಾವ ಇಂಗಾಲಕ್ಕೆ ಗಂಟು ಎಂಬುದು ಮಾತ್ರ. ಆ ಈ. ಕೋಲಿಯನ್ನು ಸ್ವಯಂಸೇವಕರಿಗೆ ಕುಡಿಸಿ ನೋಡಿದರು, ಹಿಬ್ ವಿರುದ್ಧ ಪ್ರತಿಕಾಯ ಏರಿತು. ಇದನ್ನು ಪ್ರಕಟಿಸಿದ್ದು 1975ರಲ್ಲಿ. ಗಂಟು ಸರಿದದ್ದು ಇಲ್ಲೂ ರಿಬಿಟಾಲಿನ ಮೇಲೆಯೇ, ಗಮನಿಸಿದಿರಾ? 6ರ ಮನೆಯ ಹಾಗೆ.

ಇನ್ನು ನಿಮ್ಮ ಮಗಳು. ನಮ್ಮ ದೇಶದಲ್ಲಿ ಪಿಸಿವಿ ಸರ್ಕಾರಿ ಕಾರ್ಯಕ್ರಮಕ್ಕೆ ಬರಲು ಶುರುವಾದದ್ದು 2017ರಲ್ಲಿ, ಎಲ್ಲ ರಾಜ್ಯಗಳಿಗೆ ಹರಡಿದ್ದು 2021ರಲ್ಲಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಹತ್ತರ ಲಸಿಕೆಯಲ್ಲಿರುವುದು 1, 5, 6ಎ, 6ಬಿ, 7ಎಫ್, 9ವಿ, 14, 19ಎ, 19ಎಫ್, 23ಎಫ್. ಬೆಲ್ಜಿಯಂ ನೆಚ್ಚಿದ ಹಳೆಯ ಹತ್ತರ ಪಟ್ಟಿಯ ಪಕ್ಕ ಇದನ್ನಿಟ್ಟು ನೋಡಿ. 4 ಮತ್ತು 18ಸಿ ಇಲ್ಲ. ಆ ಜಾಗದಲ್ಲಿ 6ಎ, 19ಎ ಬಂದು ಕೂತಿವೆ. 6ಎ ಇದ್ದಲ್ಲಿ 6ಸಿಗೂ ಒಂದಿಷ್ಟು ಕಾವಲು ಸಿಗುತ್ತದೆ, 19ಎಗೆ ಯಾರ ಎರವಲೂ ಬೇಕಾಗಿಲ್ಲ. ಹದಿಮೂರರ ಲಸಿಕೆಯಲ್ಲೂ ಇವೆರಡೂ ಇವೆ. ನಿಮ್ಮ ಆರೋಗ್ಯ ಕೇಂದ್ರದ ಬಾಟಲಿ ಇವುಗಳಲ್ಲಿ ಯಾವುದೇ ಆಗಿದ್ದರೂ ನೀವು ಕೇಳಿದ ಚಿಂತೆ ಅದರಲ್ಲಿ ಪರಿಹಾರವಾಗಿದೆ.

ರಕ್ತ ಪರೀಕ್ಷೆ ಬೇಡ. ಆರೋಗ್ಯವಾಗಿರುವ ಮಗುವಿಗೆ ಲಸಿಕೆ ಹಾಕಿಸಿ ಪ್ರತಿಕಾಯ ಅಳೆಯುವ ಅಗತ್ಯವಿಲ್ಲ. ಅಳೆಯುವುದು ಎಲೈಸಾ, ಅದು ಅಂಟಿದ್ದನ್ನು ಹೇಳುತ್ತದೆಯೇ ಹೊರತು ಕೊಂದದ್ದನ್ನಲ್ಲ. ಅದರಲ್ಲೂ ಎಲ್ಲ ನ್ಯೂಮೋಕಾಕಸ್‌ಗಳ ಹೊದಿಕೆಯ ಕೆಳಗೆ ಒಂದೇ ಥರದ ಗೋಡೆಯ ಸಕ್ಕರೆ ಇದೆ, ಅದಕ್ಕೆ ಅಂಟುವ ನಿರುಪಯೋಗಿ ಪ್ರತಿಕಾಯ ಎಲ್ಲರ ರಕ್ತದಲ್ಲೂ ಇರುತ್ತದೆ. ಮೊದಲು ಅದನ್ನು ಆ ಗೋಡೆಯ ಸಕ್ಕರೆಯಿಂದಲೂ 22ಎಫ್ ತಳಿಯ ಸಕ್ಕರೆಯಿಂದಲೂ ಹೀರಿ ತೆಗೆಯದಿದ್ದರೆ ವರದಿಯಲ್ಲಿ ಬರುವ ಅಂಕಿ ಸುಮ್ಮನೆ ಉಬ್ಬಿರುತ್ತದೆ. ಪದೇ ಪದೇ ನ್ಯುಮೋನಿಯಾ, ಕಿವಿ ಸೋರುವುದು ಇದ್ದರೆ ಮಾತು ಬೇರೆ, ಆಗ ಮಕ್ಕಳ ವೈದ್ಯರೇ ಹೇಳುತ್ತಾರೆ.

ಮೂರನೆಯ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ, ದಡಾರ-ರುಬೆಲ್ಲಾ ಲಸಿಕೆಯ ದಿನವೇ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ.